ಪೆಲೆಟ್ ಒಲೆಯ ಹೋಟೆಲಿನಲ್ಲಿ ಕರೆಂಟು ಹೋದಾಗ



ಗ್ಯಾಸಿನ ಖರ್ಚು ತಾಳಲಾರದೆ ಪೆಲೆಟ್ ಒಲೆಗೆ ಬಂದ ಹೋಟೆಲಿನವರು ನಮ್ಮಲ್ಲಿ ಹಲವರಿದ್ದಾರೆ. 2022ರ ಮೇ ತಿಂಗಳಲ್ಲಿ 19 ಕೆಜಿಯ ಕಮರ್ಷಿಯಲ್ ಸಿಲಿಂಡರಿನ ಬೆಲೆ ದೆಹಲಿಯಲ್ಲಿ 2,355 ರೂಪಾಯಿ ದಾಟಿತ್ತು. ಆಮೇಲೆ ಇಳಿದದ್ದೂ ಉಂಟು, ಏರಿದ್ದೂ ಉಂಟು. ಆದರೆ ಒಂದನೇ ತಾರೀಕು ಬಂತೆಂದರೆ ಈ ತಿಂಗಳು ಎಷ್ಟಾಯಿತೋ ಎಂದು ನೋಡುವ ಚಿಂತೆ ಮಾತ್ರ ತಪ್ಪಲಿಲ್ಲ. ಮರದ ಪುಡಿ, ಶೇಂಗಾ ಸಿಪ್ಪೆ, ಹೊಲದ ಕಸಕಡ್ಡಿಯನ್ನು ಒತ್ತಿ ಮಾಡಿದ ಈ ಪೆಲೆಟ್‌ಗೆ ಕೆಜಿಗೆ ಸುಮಾರು 4,000 ಕಿಲೋ ಕ್ಯಾಲರಿ ಶಾಖವಿದೆ, ಗ್ಯಾಸಿಗೆ ಸುಮಾರು 11,000. ಅಂದರೆ ಒಂದು ಕೆಜಿ ಗ್ಯಾಸಿನ ಕೆಲಸಕ್ಕೆ ಮೂರು ಕೆಜಿ ಪೆಲೆಟ್ ಎಂದು ಹಿಡಿದರೆ ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಒಂದು ಸಿಲಿಂಡರಿನ ಬದಲು 55-60 ಕೆಜಿ ಪೆಲೆಟ್. ನಿಮ್ಮ ಊರಿನ ದರ ಹಾಕಿ ನೀವೇ ನೋಡಿಕೊಳ್ಳಿ.

ಒಲೆ ಮಾರುವವರು ಇಷ್ಟು ಲೆಕ್ಕ ಚೆನ್ನಾಗಿ ಹೇಳುತ್ತಾರೆ. ಕರೆಂಟು ಹೋದರೆ ಏನು ಎಂದು ಕೇಳಿದರೆ "ಒಂದು ಇನ್ವರ್ಟರ್ ಹಾಕಿಕೊಳ್ಳಿ ಸಾರ್" ಎಂದು ಮುಗಿಸುತ್ತಾರೆ. ಯಾವ ಇನ್ವರ್ಟರ್, ಎಷ್ಟು ದೊಡ್ಡದು, ಅದಕ್ಕೆ ಏನೇನು ಜೋಡಿಸಬೇಕು ಎಂಬ ವಿಷಯ ಅಲ್ಲಿಗೇ ನಿಲ್ಲುತ್ತದೆ. ನಮ್ಮ ತಿಳುವಳಿಕೆಯಲ್ಲಿ ಇರುವಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಗ್ಯಾಸಿಗೆ ಚಾವಿ ಇದೆ, ಪೆಲೆಟ್‌ಗೆ ಇಲ್ಲ

ಮೊದಲು ಒಲೆಯ ಗುಣ ತಿಳಿಯಬೇಕು. ಒಂದು ಕೆಜಿ ಪೆಲೆಟ್ ಸರಿಯಾಗಿ ಉರಿಯಲು ಐದು ಕೆಜಿಗೂ ಹೆಚ್ಚು ಗಾಳಿ ಬೇಕು. ಈ ಗಾಳಿ ತಾನಾಗಿ ಬರುವುದಿಲ್ಲ, ಬ್ಲೋವರ್ ಊದಬೇಕು. ಕೆಳಗಿನ ತೂತುಗಳಿಂದ ಬಂದ ಗಾಳಿ ಪೆಲೆಟ್ಟನ್ನು ಕೆಂಡ ಮಾಡಿ ಅದರಿಂದ ಅನಿಲ ಹೊರಡಿಸುತ್ತದೆ. ಮೇಲಿನ ತೂತುಗಳಿಂದ ಬಂದ ಗಾಳಿ ಆ ಅನಿಲವನ್ನು ಉರಿಸುತ್ತದೆ. ಹೊಗೆ ಇಲ್ಲದ ನೀಲಿ-ಹಳದಿ ಉರಿ ಬರುವುದು ಈ ಎರಡನೇ ಗಾಳಿಯಿಂದಲೇ.

ಕರೆಂಟು ಹೋದ ಕೂಡಲೇ ಬ್ಲೋವರ್ ನಿಲ್ಲುತ್ತದೆ, ಆದರೆ ಪೆಲೆಟ್ ನಿಲ್ಲುವುದಿಲ್ಲ. ಗ್ಯಾಸಾದರೆ ಚಾವಿ ತಿರುಗಿಸಿದರೆ ಮುಗಿಯಿತು. ಇಲ್ಲಿ ಒಲೆಯ ಹೊಟ್ಟೆಯಲ್ಲಿ ಐದೋ ಎಂಟೋ ಕೆಜಿ ಕೆಂಡ ಕೂತಿರುತ್ತದೆ. ಅದು ಗಾಳಿ ಸಾಲದೆ ಕಮರುತ್ತಾ, ಅನಿಲ ಬಿಡುತ್ತಾ ಇರುತ್ತದೆ. ಉರಿಯದ ಆ ಅನಿಲವೆಲ್ಲ ಹೊಗೆಯಾಗಿ ಅಡಿಗೆಮನೆಗೆ ಬರುತ್ತದೆ. ಹೊಗೆ ಕಣ್ಣಿಗೆ ಕಾಣುತ್ತದೆ, ಕೆಮ್ಮು ಬರಿಸುತ್ತದೆ, ಹೀಗಾಗಿ ಜನ ಹೊರಗೆ ಓಡುತ್ತಾರೆ. ಅದರ ಜೊತೆಗೆ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ಕಡಿಮೆಯಾಗಿ ಬರೀ ಕೆಂಡ ಉಳಿದಾಗ ಎಲ್ಲ ಸರಿಹೋಯಿತೆಂದು ಒಳಗೆ ಬರುತ್ತೇವಲ್ಲ, ಆಗಲೂ ಅದು ಬರುತ್ತಲೇ ಇರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಲಕ್ಷಣ. ಬೆಳಗ್ಗೆ ನಾಲ್ಕಕ್ಕೆ ಎದ್ದು ಬಂದ ಹುಡುಗ ಇದನ್ನು ನಿದ್ದೆಗೆಟ್ಟದ್ದು, ಪಿತ್ತ ಎಂದು ತಿಳಿಯುತ್ತಾನೆ.

ನಮಗೆ ಪರಿಚಯದ ಒಂದು ಹೋಟೆಲಿನಲ್ಲಿ ಆದದ್ದೇ ಹೀಗೆ. ಮಳೆಗಾಲ, ಬೆಳಗಿನ ಐದು ಗಂಟೆ, ಮುಂದಿನ ಶಟರ್ ಇನ್ನೂ ಎತ್ತಿರಲಿಲ್ಲ, ಇರಚಲಿಗೆಂದು ಹಿಂದಿನ ಕಿಟಕಿಯನ್ನೂ ಮುಚ್ಚಿದ್ದರು. ಕರೆಂಟು ಹೋಯಿತು. ಅಲ್ಲಿ ಇನ್ವರ್ಟರ್ ಇತ್ತು, ಬ್ಲೋವರ್ ನಿಲ್ಲಲಿಲ್ಲ, ಸಾಂಬಾರು ಕುದಿಯುತ್ತಲೇ ಇತ್ತು. ಆದರೆ ಎಕ್ಸಾಸ್ಟ್ ಫ್ಯಾನ್ ಇನ್ವರ್ಟರಿನ ಲೈನಿನಲ್ಲಿ ಇರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಪಾತ್ರೆ ತೊಳೆಯುವ ಇಬ್ಬರು ಹುಡುಗರಲ್ಲಿ ಒಬ್ಬ ವಾಂತಿ ಮಾಡಿಕೊಂಡ, ಇನ್ನೊಬ್ಬ ಕೂತಲ್ಲೇ ಒರಗಿದ. ಭಟ್ಟರು ಇಬ್ಬರನ್ನೂ ಹೊರಗೆ ಎಳೆದು ತಂದು ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಆಕ್ಸಿಜನ್ ಕೊಟ್ಟು ಉಳಿಸಿದರು. ಇಬ್ಬರೂ ಕುಂದಾಪುರ ಕಡೆಯ ಹುಡುಗರು, ಇಪ್ಪತ್ತೂ ತುಂಬಿರಲಿಲ್ಲ. ಅವರ ಮನೆಗೆ ಏನೆಂದು ಫೋನು ಮಾಡುವುದು ಎಂದು ಆ ಮಾಲೀಕರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದನ್ನು ನಾವು ನೋಡಿದ್ದೇವೆ.

ಆದ್ದರಿಂದ ಒಲೆಯ ಇನ್ವರ್ಟರ್ ಅಂದರೆ ವ್ಯಾಪಾರ ನಿಲ್ಲದಿರಲಿ ಎಂದು ಮಾತ್ರ ಹಾಕುವ ವಸ್ತುವಲ್ಲ. ಬ್ಲೋವರ್‌ಗೆ ಕರೆಂಟು ಕೊಟ್ಟು ಎಕ್ಸಾಸ್ಟಿಗೆ ಕೊಡದೆ ಇರುವುದು ಎರಡಕ್ಕೂ ಕೊಡದೆ ಇರುವಷ್ಟೇ ಅಪಾಯ.

ಎಷ್ಟು ಹೊತ್ತಿಗೆ ಬೇಕು?

ಎರಡು ಲೆಕ್ಕ ಬೇರೆ ಬೇರೆ ಇಟ್ಟುಕೊಳ್ಳಿ. ಮೊದಲನೆಯದು ಕನಿಷ್ಠ ಲೆಕ್ಕ. ಒಲೆಗೆ ಆಗಲೇ ಹಾಕಿರುವ ಪೆಲೆಟ್ ಉರಿದು ಮುಗಿಯುವವರೆಗೆ ಗಾಳಿ ಮತ್ತು ಎಕ್ಸಾಸ್ಟ್ ನಡೆಯಬೇಕು. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ. ಇದಕ್ಕಿಂತ ಕಡಿಮೆ ಇಟ್ಟುಕೊಳ್ಳಲು ಯಾರಿಗೂ ಅವಕಾಶವಿಲ್ಲ. ಎರಡನೆಯದು ವ್ಯಾಪಾರದ ಲೆಕ್ಕ. ಅದು ಊರಿನಿಂದ ಊರಿಗೆ ಬೇರೆ. ಪುಣೆಯವರಿಗೆ ಗುರುವಾರದ ದುರಸ್ತಿ ಗೊತ್ತೇ ಇದೆ. ಚೆನ್ನೈಯಲ್ಲಿ ದುರಸ್ತಿಗೆಂದು ಮೊದಲೇ ತಿಳಿಸಿ ಬೆಳಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ತೆಗೆಯುತ್ತಾರೆ. ತಿಂಡಿಯ ಕೊನೆ ಮತ್ತು ಊಟದ ಹೊತ್ತು ಎರಡೂ ಅದರಲ್ಲೇ ಹೋಗುತ್ತದೆ. ಮುಂಬಯಿಯವರು ನಮ್ಮಲ್ಲಿ ಕರೆಂಟೇ ಹೋಗುವುದಿಲ್ಲ ಎನ್ನುತ್ತಾರೆ. 2020ರ ಅಕ್ಟೋಬರ್ 12ರಂದು ಬೆಳಗ್ಗೆ ಹತ್ತರ ಹೊತ್ತಿಗೆ ಇಡೀ ನಗರದಲ್ಲಿ ಹೋಗಿ ಲೋಕಲ್ ರೈಲುಗಳೇ ನಿಂತಿದ್ದವು. ಅಪರೂಪಕ್ಕೆ ಹೋಗುವ ಊರಿನಲ್ಲೇ ಯಾರೂ ತಯಾರಾಗಿರುವುದಿಲ್ಲ ಎಂಬುದು ನಮ್ಮ ಅನಿಸಿಕೆ.

ವ್ಯಾಟಿನ ಲೆಕ್ಕ

ಇದಕ್ಕೆ ಇಂಜಿನಿಯರ್ ಬೇಕಿಲ್ಲ. ಶಾಲೆಯಲ್ಲಿ ಕಲಿತ ಗುಣಾಕಾರ, ಭಾಗಾಕಾರ ಸಾಕು. ಬ್ಲೋವರಿನ ಮೈಮೇಲೆ ಅಂಟಿಸಿದ ತಗಡಿನಲ್ಲಿ ವ್ಯಾಟ್ ಬರೆದಿರುತ್ತದೆ. ಆಂಪಿಯರ್ ಮಾತ್ರ ಇದ್ದರೆ 230ರಿಂದ ಗುಣಿಸಿ, ಸ್ವಲ್ಪ ಹೆಚ್ಚೇ ಬರುತ್ತದೆ, ತೊಂದರೆಯಿಲ್ಲ.

ಒಂದು ಮಧ್ಯಮ ಹೋಟೆಲು ಎನ್ನೋಣ. ಎರಡು ಒಲೆ, ಒಂದು ಇಡ್ಲಿ ಸ್ಟೀಮರಿಗೆ, ಇನ್ನೊಂದು ಸಾಂಬಾರು-ಅನ್ನಕ್ಕೆ. ಬ್ಲೋವರ್ ತಲಾ 60 ವ್ಯಾಟ್, ಒಟ್ಟು 120. ಗೋಡೆಯ ಎಕ್ಸಾಸ್ಟ್ ಫ್ಯಾನ್ ಒಂದು, 100 ವ್ಯಾಟ್. ಅಡಿಗೆಮನೆಗೆ ಎರಡು ಎಲ್‌ಇಡಿ ದೀಪ, 40 ವ್ಯಾಟ್. ಎಲ್ಲ ಸೇರಿ 260.

ಈಗ ಬ್ಯಾಟರಿ. 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಎಂದರೆ 12ನ್ನು 150ರಿಂದ ಗುಣಿಸಿ 1,800 ವ್ಯಾಟ್-ಅವರ್. ಅಂಗಡಿಯವರು 1,800ನ್ನು 260ರಿಂದ ಭಾಗಿಸಿ ಏಳು ಗಂಟೆ ಬರುತ್ತದೆ ಎನ್ನುತ್ತಾರೆ. ಬರುವುದಿಲ್ಲ. ಬ್ಯಾಟರಿಯ ಮೇಲೆ ಬರೆದ 150 ಎಂಬುದು ನಿಧಾನವಾಗಿ 20 ಗಂಟೆಯಲ್ಲಿ ಖಾಲಿ ಮಾಡಿದರೆ ಸಿಗುವ ಅಂಕಿ. ಬೇಗ ಎಳೆದರೆ ಅಷ್ಟು ಸಿಗದು. ತಳ ಕಾಣುವವರೆಗೆ ಎಳೆದರೆ ಬ್ಯಾಟರಿಯ ಆಯುಷ್ಯವೂ ಹೋಗುತ್ತದೆ. 100ಕ್ಕೆ 60 ಮಾತ್ರ ನಮ್ಮದು ಎಂದುಕೊಳ್ಳಿ, 1,080. ಇನ್ವರ್ಟರ್ ತನ್ನ ಪಾಲು ತಿಂದು 100ಕ್ಕೆ 80 ಕೊಡುತ್ತದೆ, ಸುಮಾರು 860. ಇದನ್ನು 260ರಿಂದ ಭಾಗಿಸಿದರೆ ಮೂರು ಗಂಟೆಯ ಮೇಲೆ ಸ್ವಲ್ಪ. ಅದೂ ಹೊಸ ಬ್ಯಾಟರಿಗೆ. ಎರಡು ಮೂರು ವರ್ಷ ಹೋದ ಮೇಲೆ ಎರಡು ಗಂಟೆ ಸಿಕ್ಕರೆ ಸಿಕ್ಕಿತು.

ಅಂದರೆ ಒಂದು ಬ್ಯಾಟರಿ ಕನಿಷ್ಠ ಲೆಕ್ಕಕ್ಕೆ ಧಾರಾಳ ಸಾಕು. ಚೆನ್ನೈಯ ಐದು ಗಂಟೆಗೆ ಎರಡು ಬೇಕು. ಎರಡಿದ್ದರೆ 24 ವೋಲ್ಟಿನ ಇನ್ವರ್ಟರ್ ತೆಗೆದುಕೊಳ್ಳಬೇಕು. ಎರಡೂ ಒಂದೇ ಕಂಪನಿಯ, ಒಂದೇ ದಿನ ಕೊಂಡ ಬ್ಯಾಟರಿ ಆಗಿರಬೇಕು. ಮನೆಯಲ್ಲಿ ಒಂದು ಹಳೆಯದಿದೆ, ಅದರ ಜೊತೆ ಹೊಸದೊಂದು ಜೋಡಿಸೋಣ ಎಂದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಇನ್ವರ್ಟರಿನ ಅಳತೆ ಬೇರೆ ವಿಷಯ. ಮೋಟಾರು ತಿರುಗಲು ಶುರುವಾಗುವ ಕ್ಷಣದಲ್ಲಿ ಬರೆದದ್ದರ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಕರೆಂಟು ಹೋದಾಗ ಮೂರೂ ಮೋಟಾರು ಒಟ್ಟಿಗೆ ಇನ್ವರ್ಟರಿನ ಮೇಲೆ ಬೀಳುತ್ತವೆ. 260 ವ್ಯಾಟಿಗೆ 400 ವಿ.ಎ. ಸಾಕಲ್ಲ ಎಂದು ಚಿಕ್ಕದು ತಂದರೆ ಅದು ಓವರ್‌ಲೋಡ್ ಎಂದು ಕೂಗಿ ಸುಮ್ಮನಾಗುತ್ತದೆ. 900 ಅಥವಾ 1,000 ವಿ.ಎ. ಇರಲಿ. ಅದಕ್ಕಿಂತ ದೊಡ್ಡದು ಮಾರಲು ಬಂದರೆ ಬೇಡವೆನ್ನಿ. ದೊಡ್ಡ ಇನ್ವರ್ಟರಿನಿಂದ ಹೆಚ್ಚು ಹೊತ್ತು ಬರುವುದಿಲ್ಲ, ಹೊತ್ತು ಬರುವುದು ಬ್ಯಾಟರಿಯಿಂದ.

ಅಲೆಯ ವಿಷಯವನ್ನೂ ಕೇಳಿಕೊಳ್ಳಿ. ಸ್ಕ್ವೇರ್ ವೇವ್ ಇನ್ವರ್ಟರ್ ಅಗ್ಗ, ದೀಪಕ್ಕೆ ನಡೆಯುತ್ತದೆ. ಬ್ಲೋವರ್ ಅದರ ಮೇಲೆ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ, ಉರಿ ಏರಿಸಿ ಇಳಿಸುವ ರೆಗ್ಯುಲೇಟರ್ ಸರಿಯಾಗಿ ಕೇಳುವುದಿಲ್ಲ. ಸೈನ್ ವೇವ್ ಎಂದು ಬಿಲ್ಲಿನಲ್ಲಿ ಬರೆಸಿಕೊಂಡೇ ತೆಗೆದುಕೊಳ್ಳಿ.

ಫೀಡರ್ ಇರುವ ಒಲೆ

ಕೈಯಲ್ಲಿ ಪೆಲೆಟ್ ಸುರಿಯುವ ಒಲೆಗೆ ಇಷ್ಟು ಸಾಕು. ಸ್ಕ್ರೂ ಫೀಡರ್, ಕಂಟ್ರೋಲ್ ಬೋರ್ಡ್, ತಾನೇ ಹೊತ್ತಿಕೊಳ್ಳುವ ಸೌಕರ್ಯ ಇರುವ ಬರ್ನರಾದರೆ ಇನ್ನೂ ಮೂರು ವಿಷಯ ನೋಡಬೇಕು. ಹೊತ್ತಿಸುವ ಬಿಸಿ ಕಡ್ಡಿ ಕೆಲವು ನಿಮಿಷ 300-400 ವ್ಯಾಟ್ ಎಳೆಯುತ್ತದೆ, ಆ ಲೆಕ್ಕ ಸೇರಿಸಬೇಕು. ಕಂಟ್ರೋಲ್ ಬೋರ್ಡ್ ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ತಪ್ಪಿದರೂ ಮೊದಲಿನಿಂದ ಶುರುಮಾಡುತ್ತದೆ. ಉರಿಯುತ್ತಿರುವ ಒಲೆಗೆ ಮತ್ತೆ ಪೆಲೆಟ್ ತಳ್ಳಿ ಮತ್ತೆ ಹೊತ್ತಿಸಲು ಹೋಗುತ್ತದೆ. ಇದಕ್ಕೆ ಇನ್ವರ್ಟರಿನ ಹಿಂದಿರುವ ಗುಂಡಿಯನ್ನು ಯು.ಪಿ.ಎಸ್. ಕಡೆಗೆ ಇಡಬೇಕು, ಆಗ ಬದಲಾವಣೆ ಬೇಗ ಆಗುತ್ತದೆ. ಮೂರನೆಯದು ಬೆಂಕಿ ಹಿಂದಕ್ಕೆ ಬರುವುದು. ಫೀಡರ್ ನಿಂತು ಗಾಳಿಯೂ ನಿಂತರೆ ಕೆಂಡ ನಿಧಾನವಾಗಿ ಸ್ಕ್ರೂ ಕೊಳವೆಯೊಳಗೆ ಹಿಂದೆ ಸರಿದು ಹಾಪರ್‌ವರೆಗೆ ಹೋಗಬಹುದು. ಹಾಪರಿನಲ್ಲಿ ಎರಡು ಚೀಲ ಪೆಲೆಟ್ ಇರುತ್ತದೆ. ಕೊಳವೆ ಮುಟ್ಟಿದರೆ ಸುಡುತ್ತಿದೆಯೇ ಎಂದು ನೋಡುವ ಅಭ್ಯಾಸ ಭಟ್ಟರಿಗೆ ಮಾಡಿಸಿ. ಕೊಳ್ಳುವಾಗಲೇ ಇದಕ್ಕೇನು ರಕ್ಷಣೆ ಇದೆ ಎಂದು ಕೇಳಿ.

ಎಕ್ಸಾಸ್ಟ್ ಮತ್ತು ಚಿಮಣಿ

ದೊಡ್ಡ ಹುಡ್ ಇರುವವರಿಗೆ ಒಂದು ತೊಡಕಿದೆ. ಹುಡ್‌ನ ಒಂದು ಎಚ್.ಪಿ. ಮೋಟಾರು ಸುಮಾರು 1,000 ವ್ಯಾಟ್ ಎಳೆಯುತ್ತದೆ, ಶುರುವಾಗುವಾಗ ಅದರ ಐದಾರು ಪಟ್ಟು. ಇದನ್ನು ಮನೆಯ ಇನ್ವರ್ಟರಿನ ಮೇಲೆ ಹಾಕುವ ಮಾತೇ ಇಲ್ಲ. ಅದರ ಬದಲು ಒಲೆಯ ಹಿಂದಿನ ಗೋಡೆಯಲ್ಲಿ ಎತ್ತರಕ್ಕೆ 12 ಅಥವಾ 15 ಇಂಚಿನ ಎಕ್ಸಾಸ್ಟ್ ಒಂದನ್ನು ಬೇರೆಯಾಗಿ ಕೂರಿಸಿ ಬ್ಲೋವರ್ ಇರುವ ಲೈನಿಗೇ ಜೋಡಿಸಿ. ಬ್ಲೋವರ್ ನಡೆದರೆ ಎಕ್ಸಾಸ್ಟೂ ನಡೆಯಲೇಬೇಕು ಎನ್ನುವ ಹಾಗೆ ಎರಡಕ್ಕೂ ಒಂದೇ ಸ್ವಿಚ್ ಇಟ್ಟರೆ ಉತ್ತಮ.

ಒಳಗಿನ ಗಾಳಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗೆ ಬರಬೇಕು. ಬಾಗಿಲು ಕಿಟಕಿ ಎಲ್ಲ ಮುಚ್ಚಿ ಎಕ್ಸಾಸ್ಟ್ ಹಾಕಿದರೆ ಅದು ಒಲೆಯ ಚಿಮಣಿಯಿಂದಲೇ ಗಾಳಿ ಎಳೆದು ಹೊಗೆಯನ್ನು ಒಳಗೆ ತರುತ್ತದೆ. ಕೆಳಗೆ ಒಂದು ಜಾಲರಿ ಕಿಂಡಿ ಯಾವಾಗಲೂ ತೆರೆದಿರಲಿ. ಇಲಿ ಬರುತ್ತದೆ ಎಂದು ರಟ್ಟು ಹೊಡೆದು ಮುಚ್ಚುವವರಿದ್ದಾರೆ, ಗಟ್ಟಿ ಜಾಲರಿ ಹಾಕಿದರೆ ಇಲಿ ಬರುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಎಂದು ಅಂಗೈಯಗಲದ ಪೆಟ್ಟಿಗೆ ಸಿಗುತ್ತದೆ, ಸೆಲ್ಲಿನ ಮೇಲೆ ನಡೆಯುತ್ತದೆ. ಅದನ್ನು ಮನುಷ್ಯರ ಮೂಗಿನ ಎತ್ತರಕ್ಕೆ ಹಾಕಿ. ಗ್ಯಾಸ್ ಲೀಕ್ ಅಲಾರಂ ಬೇರೆ, ಇದು ಬೇರೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಬ್ಯಾಟರಿಯನ್ನು ಅಡಿಗೆಮನೆಯಲ್ಲಿ ಇಡಬೇಡಿ. ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದು ಬೆಂಕಿ ಹತ್ತುವ ಅನಿಲ. ಅದಲ್ಲದೆ ಸೆಕೆಗೆ ಬ್ಯಾಟರಿ ಬೇಗ ಮುದಿಯಾಗುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಬ್ಯಾಟರಿಯವರ ಲೆಕ್ಕ. ನಮ್ಮ ಅಡಿಗೆಮನೆಗಳಲ್ಲಿ 40 ಡಿಗ್ರಿ ಸಾಮಾನ್ಯ. ಗಲ್ಲಾದ ಹಿಂದೆಯೋ ಗಾಳಿಯಾಡುವ ಮೆಟ್ಟಿಲ ಕೆಳಗೋ ಇರಲಿ. ಲಿಥಿಯಂ ಬ್ಯಾಟರಿಯಲ್ಲಿ ನೀರು ಹಾಕುವ ಕೆಲಸವಿಲ್ಲ, 100ಕ್ಕೆ 80ರಷ್ಟು ಎಳೆಯಬಹುದು, ಚಾರ್ಜೂ ಬೇಗ ಆಗುತ್ತದೆ. ದಿನಕ್ಕೆ ಎರಡು ಮೂರು ಸಲ ಕರೆಂಟು ಹೋಗುವ ಕಡೆ ಇದು ದೊಡ್ಡ ಅನುಕೂಲ, ಏಕೆಂದರೆ ಟ್ಯೂಬುಲರ್ ಬ್ಯಾಟರಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಬೆಲೆ ಮಾತ್ರ ಜಾಸ್ತಿ. ಹಳೆಯ ಇನ್ವರ್ಟರಿಗೆ ಸುಮ್ಮನೆ ಲಿಥಿಯಂ ಜೋಡಿಸಲು ಬರುವುದಿಲ್ಲ, ಅದಕ್ಕೆ ಹೊಂದುವ ಚಾರ್ಜಿಂಗ್ ಇರಬೇಕು.

ಇನ್ನೊಂದು ಸುಲಭ ದಾರಿ ಇದೆ. ಕೆಲವು ಒಲೆಗಳಿಗೆ 12 ವೋಲ್ಟಿನ ಡಿ.ಸಿ. ಬ್ಲೋವರ್ ಬರುತ್ತದೆ. ಅದು ಬ್ಯಾಟರಿಯಿಂದ ನೇರ ನಡೆಯುತ್ತದೆ, ಇನ್ವರ್ಟರಿನ ನಷ್ಟವಿಲ್ಲ. ಇದು ಹೊಸ ವಿಚಾರವೇನೂ ಅಲ್ಲ. 2000ರ ದಶಕದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದು, ಬಿ.ಪಿ. ಕಂಪನಿಯ ಜೊತೆ ಸೇರಿ ಮನೆಗಳಿಗೆಂದು ತಯಾರಿಸಿದ 'ಊರ್ಜಾ' ಪೆಲೆಟ್ ಒಲೆಯಲ್ಲಿ ಪುಟ್ಟ ಫ್ಯಾನು, ಅದಕ್ಕೆ ಚಾರ್ಜ್ ಮಾಡುವ ಬ್ಯಾಟರಿ ಒಲೆಯೊಳಗೇ ಇತ್ತು. ಹಳ್ಳಿಯಲ್ಲಿ ಕರೆಂಟು ಇರುವುದಿಲ್ಲ ಎಂದು ತಿಳಿದೇ ಹಾಗೆ ಮಾಡಿದ್ದು. ಹೊಸ ಒಲೆ ಕೊಳ್ಳುವವರು ಡಿ.ಸಿ. ಬ್ಲೋವರ್ ಇದೆಯೇ ಎಂದು ಮೊದಲು ಕೇಳುವುದು ಒಳ್ಳೆಯದು.

ಜನರೇಟರ್ ಇರುವವರು ಇನ್ವರ್ಟರ್ ಬೇಡವೆನ್ನಬಹುದು. ಜನರೇಟರ್ ಶುರುವಾಗುವವರೆಗಿನ ಐದು ಹತ್ತು ನಿಮಿಷವೇ ಹೊಗೆ ತುಂಬುವ ಹೊತ್ತು. ದೊಡ್ಡ ಜನರೇಟರ್ ಇದ್ದರೂ ಒಲೆಗೆ ಚಿಕ್ಕ ಇನ್ವರ್ಟರ್ ಇರಲಿ. ಚಿಕ್ಕ ಪೆಟ್ರೋಲ್ ಜನರೇಟರನ್ನು ಹಿಂದಿನ ಓಣಿಯಲ್ಲಿ, ಕಿಟಕಿಯಿಂದ ದೂರ ಇಡಬೇಕು, ಅದರ ಹೊಗೆಯಲ್ಲೂ ಅದೇ ವಿಷ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಪ್ಲಗ್ಗಿಗೆ ಚುಚ್ಚಿ ಕರೆಂಟು ಕೊಡುವ ಕೆಲಸ ಮಾಡಬೇಡಿ, ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಸಾಯುತ್ತಾನೆ. ದೆಹಲಿ-ಎನ್‌ಸಿಆರ್ ಕಡೆಯವರಿಗೆ 2023ರ ಅಕ್ಟೋಬರಿನಿಂದ ಡೀಸೆಲ್ ಜನರೇಟರ್ ಮೇಲೆ ಕಟ್ಟುಪಾಡುಗಳು ಬಂದಿವೆ. ಮುಂಬಯಿಯವರು 2025ರ ಜನವರಿಯಲ್ಲಿ ಹೈಕೋರ್ಟ್ ಬೇಕರಿ ಮತ್ತು ತಂದೂರಿನವರಿಗೆ ಸೌದೆ-ಇದ್ದಿಲು ಬಿಡಬೇಕೆಂದು ಹೇಳಿದ್ದನ್ನು ನೆನಪಿಡಬೇಕು. ಪೆಲೆಟ್ ಒಲೆ ಹಾಕುವ ಮೊದಲೇ ಪಾಲಿಕೆಯಿಂದ ಲಿಖಿತ ಅನುಮತಿ ಕೇಳಿ.

ಎಷ್ಟೇ ಬ್ಯಾಟರಿ ಇಟ್ಟರೂ ಒಂದು ಗ್ಯಾಸ್ ಒಲೆ, ತುಂಬಿದ ಎರಡು ಸಿಲಿಂಡರ್ ತೆಗೆಯಬೇಡಿ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಚೆನ್ನೈಯ ಕೆಲವು ಭಾಗಗಳಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ಅಂಥ ಹೊತ್ತಿಗೆ ಬ್ಯಾಟರಿ ಲೆಕ್ಕವೆಲ್ಲ ಮೊದಲ ದಿನವೇ ಮುಗಿಯುತ್ತದೆ. ಕರೆಂಟು ಒಂದು ಗಂಟೆಯ ಮೇಲೆ ಬರದಿದ್ದರೆ ಪೆಲೆಟ್ ಹಾಕುವುದನ್ನು ನಿಲ್ಲಿಸಿ ಸ್ಟೀಮರನ್ನು ಗ್ಯಾಸಿಗೆ ಬದಲಾಯಿಸಿ ಎಂದು ಭಟ್ಟರಿಗೆ ಮೊದಲೇ ಹೇಳಿಡಿ. ಬ್ಯಾಟರಿ ಮುಗಿದ ಮೇಲೆ ಹೇಳಿದರೆ ಒಲೆಯಲ್ಲಿ ತುಂಬಿದ ಪೆಲೆಟ್ ಇರುತ್ತದೆ, ಗಾಳಿ ಇರುವುದಿಲ್ಲ.

ಇನ್ವರ್ಟರೂ ಕೈಕೊಟ್ಟರೆ ಹುಡುಗರು ಏನು ಮಾಡಬೇಕು ಎಂಬುದನ್ನು ಹೇಳಿಕೊಡಬೇಕು. ಮೊದಲು ಬಾಗಿಲು, ಕಿಟಕಿ, ಶಟರ್ ತೆರೆಯುವುದು. ಬ್ಲೋವರ್ ಸ್ವಿಚ್ ಆಫ್ ಮಾಡುವುದು. ಪಾತ್ರೆ ಇಳಿಸಿ ಎಲ್ಲರೂ ಹೊರಗೆ ಬರುವುದು. ಕೆಂಡದ ಮೇಲೆ ನೀರು ಸುರಿಯಬಾರದು, ಉಗಿ ಎದ್ದು ಮೈ ಸುಡುತ್ತದೆ, ಒಳಗಿನ ಬೆಂಕಿ ಇಟ್ಟಿಗೆ ಸೀಳುತ್ತದೆ. ಸ್ವಿಚ್ ಏಕೆ ಆಫ್ ಮಾಡಬೇಕೆಂದರೆ, ಹೊಗೆ ತುಂಬಿದ ಒಲೆಗೆ ಕರೆಂಟು ಬಂದು ಬ್ಲೋವರ್ ಒಮ್ಮೆಲೇ ಊದಿದರೆ ಕೂಡಿಟ್ಟ ಅನಿಲ ಭಗ್ಗನೆ ಹೊತ್ತಿಕೊಳ್ಳುತ್ತದೆ. ಒಲೆಗೆ ಬಗ್ಗಿ ನೋಡುತ್ತಿರುವವನ ಹುಬ್ಬು, ಮುಖ ಹೋಗುತ್ತದೆ. ಕರೆಂಟು ಬಂದ ಮೇಲೆ ರೆಗ್ಯುಲೇಟರನ್ನು ಕಡಿಮೆಗೆ ಇಟ್ಟು, ದೂರ ನಿಂತು ಹಾಕಬೇಕು. ಯಾರಿಗಾದರೂ ತಲೆಸುತ್ತು ಬಂದರೆ ಮಜ್ಜಿಗೆ ಕುಡಿಸಿ ಮಲಗಿಸುವುದಲ್ಲ, ಹೊರಗಿನ ಗಾಳಿಗೆ ತಂದು ನೇರ ಆಸ್ಪತ್ರೆಗೆ ಒಯ್ಯಬೇಕು. ಒಲೆಯ ಹೊಗೆ ಕುಡಿದಿದ್ದಾನೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.

ತಿಂಗಳಿಗೊಮ್ಮೆ ಮಧ್ಯಾಹ್ನ ಮೂರೂವರೆಗೆ, ಗಿರಾಕಿ ಕಡಿಮೆ ಇರುವಾಗ, ಒಲೆ ಉರಿಯುತ್ತಿರುವಂತೆಯೇ ಮೇನ್ ಸ್ವಿಚ್ ತೆಗೆದು ಗಡಿಯಾರ ನೋಡಿ. ಬ್ಲೋವರ್, ಎಕ್ಸಾಸ್ಟ್, ದೀಪ ಮೂರೂ ನಡೆಯುತ್ತಿವೆಯೇ, ಎಷ್ಟು ಹೊತ್ತು ನಡೆದವು ಎಂದು ಬ್ಯಾಟರಿಯ ಪಕ್ಕದ ಗೋಡೆಯ ಮೇಲೆ ತಾರೀಕು ಹಾಕಿ ಬರೆಯಿರಿ. ಹಾಗೆಯೇ ಡಿಸ್ಟಿಲ್ಡ್ ವಾಟರ್ ಮಟ್ಟವನ್ನೂ ನೋಡಿಬಿಡಿ. ಒಂದೂವರೆ ಗಂಟೆಗಿಂತ ಕಡಿಮೆ ಬಂದ ತಿಂಗಳು ಬ್ಯಾಟರಿ ಬದಲಾಯಿಸಬೇಕು. ಮುಂದಿನ ತಿಂಗಳು ನೋಡೋಣ ಎನ್ನುವಂತಿಲ್ಲ.